ಮೆಲ್ಲಗೆ ಅಂದರೆ ಬರೀ ಸ್ಲೋ ಅಲ್ಲ, ಜೋರು ಅಂದರೆ ಬರೀ ಫಾಸ್ಟ್ ಅಲ್ಲ

ಶಿರಸಿ ಹತ್ತಿರದ ಒಂದು ಊರು. ಸಿಗ್ನಲ್ ಸಿಗುವುದು ಗುಡ್ಡದ ಮೇಲಿನ ಹಲಸಿನ ಮರದ ಕೆಳಗೆ ಮಾತ್ರ. ನಮ್ಮ ಹುಡುಗನೊಬ್ಬ ಅಲ್ಲಿ ನಿಂತು ಫೋನಿನಲ್ಲೇ ಕೆಲಸದ ಇಂಟರ್‌ವ್ಯೂ ಕೊಡುತ್ತಿದ್ದ. ಮಳೆ ಸದ್ದಿಗೆ ಆ ಕಡೆಯವರ ದನಿ ಕೇಳಿಸಲಿಲ್ಲ. ‘ಸ್ವಲ್ಪ ಜೋರಾಗಿ ಮಾತಾಡಿ’ ಅನ್ನುವ ಬದಲು ‘ಪ್ಲೀಸ್ ಸ್ಪೀಕ್ ಫಾಸ್ಟ್’ ಎಂದುಬಿಟ್ಟ. ಆಕೆ ಪಾಪ, ಕೇಳಿದ ಹಾಗೇ ಮಾಡಿದರು. ಎರಡು ಪಟ್ಟು ವೇಗ, ದನಿ ಮಾತ್ರ ಮೊದಲಿನಷ್ಟೇ.

ರಜೆಯಲ್ಲಿ ಕಾರವಾರದ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವ ನನಗೆ ಈ ತಪ್ಪು ಹಳೇ ಪರಿಚಯ. ಇದನ್ನೂ, ಮಾತಾಡುವ ಬಗೆ ಹೇಳುವ ಇಂಗ್ಲಿಷ್ ಪದಗಳ ಇಂಥ ಬೇರೆ ಗೊಂದಲಗಳನ್ನೂ ತಿದ್ದುವುದು ಹೀಗೆ.

ಹಂತ 1: ‘ಟೆಲ್’ ಬಂದರೆ ಯಾರಿಗೆ ಅನ್ನುವುದು ಅದಕ್ಕೆ ಅಂಟಿಕೊಂಡೇ ಬರಬೇಕು, ‘ಹೀ ಟೋಲ್ಡ್ ಮಿ’. ‘ಹೀ ಸೆಡ್ ಮಿ’ ತಪ್ಪು. ಸುಳ್ಳು, ನಿಜ, ಕತೆ ಹೇಳುವಾಗ ಈ ನಿಯಮಕ್ಕೆ ರಜೆ.

ಹಂತ 2: ಎಲ್ಲರೂ ಎಡವುವುದು ಇಲ್ಲೇ. ನಮ್ಮ ‘ಮೆಲ್ಲಗೆ’ ಎರಡು ಕೆಲಸ ಮಾಡುತ್ತದೆ. ಘಟ್ಟದಲ್ಲಿ ಬಸ್ಸು ಮೆಲ್ಲಗೆ ಹೋಗುತ್ತದೆ, ಮಗು ಮಲಗಿದ್ದರೆ ನಾವು ಮೆಲ್ಲಗೆ ಮಾತಾಡುತ್ತೇವೆ. ‘ಜೋರು’ ಕೂಡ ಹಾಗೇ. ಗಾಡಿಯೂ ಜೋರು, ಗಲಾಟೆಯೂ ಜೋರು. ಇಂಗ್ಲಿಷಿನಲ್ಲಿ ದನಿಗೆ ಬೇರೆ ಪದ, ವೇಗಕ್ಕೆ ಬೇರೆ ಪದ. ಲೌಡ್, ಸಾಫ್ಟ್ ದನಿಗೆ. ಫಾಸ್ಟ್, ಸ್ಲೋ ವೇಗಕ್ಕೆ. (‘ಫಾಸ್ಟ್‌ಲಿ’ ಅಂತೂ ಬೇಡವೇ ಬೇಡ.)

ನೋಟ್‌ಬುಕ್ಕಿನ ಒಂದು ಪುಟದಲ್ಲಿ ದೊಡ್ಡ ಪ್ಲಸ್ ಗುರುತು ಎಳೆಯಿರಿ. ಮೇಲೆ ದೊಡ್ಡ ದನಿ, ಕೆಳಗೆ ಸಣ್ಣ ದನಿ. ಎಡಕ್ಕೆ ನಿಧಾನ, ಬಲಕ್ಕೆ ವೇಗ. ‘ಶೌಟ್’ ಮೇಲೆ, ‘ವಿಸ್ಪರ್’ ಕೆಳಗೆ. ಅಕ್ಷರ ಎಳೆದೆಳೆದು ಮಾತಾಡಿದರೆ ‘ಡ್ರಾಲ್’, ಅದು ಎಡಕ್ಕೆ. ಏನೂ ಅರ್ಥವಾಗದ ಹಾಗೆ ಗಡಿಬಿಡಿಯಲ್ಲಿ ಒದರಿದರೆ ‘ಗ್ಯಾಬಲ್’, ಬಲಕ್ಕೆ. ಪುಸ್ತಕ ಹಿಡಿದು ಮೀನು ಮಾರ್ಕೆಟ್ಟಿಗೆ ಹೋಗಿ. ಬಾಂಗಡೆ ಮಾರುವಾಕೆ ಗಿರಾಕಿಯನ್ನು ಕರೆಯುವುದು ಎಲ್ಲಿ ಕೂರುತ್ತದೆ? ಅವನು ಚೌಕಾಸಿ ಮಾಡಿ ಬರಿಗೈಯಲ್ಲಿ ಹೋದ ಮೇಲೆ ಪಕ್ಕದವಳ ಕಿವಿಯಲ್ಲಿ ಹೇಳಿದ್ದು ಎಲ್ಲಿ? ಅವರು ಆಡುವುದು ಕೊಂಕಣಿ ಇರಬಹುದು. ನಿಮಗೆ ಬೇಕಾದದ್ದು ದನಿ ಅಷ್ಟೇ, ಅಲ್ವಾ?

ಫೋನಿನಲ್ಲಿ ದನಿ ಕೇಳದಿದ್ದರೆ ‘ಕುಡ್ ಯೂ ಸ್ಪೀಕ್ ಅಪ್, ಪ್ಲೀಸ್’ ಅನ್ನಿ. ವೇಗ ಜಾಸ್ತಿಯಾದರೆ ‘ಸ್ಲೋ ಡೌನ್’. ಇವೆರಡನ್ನು ಬಾಯಿಪಾಠ ಮಾಡಿ.

ಹಂತ 3: ಸಣ್ಣ ದನಿಯಲ್ಲೇ ನಾಲ್ಕು ಬಗೆ. ಗಂಟಲಿಗೆ ಎರಡು ಬೆರಳು ಒತ್ತಿ ‘ಅಮ್ಮ’ ಅನ್ನಿ. ನಡುಗುತ್ತದೆ. ಈಗ ಅದನ್ನೇ ಪಿಸುಗುಟ್ಟಿ. ನಡುಕ ನಿಂತಿತು, ಬರೀ ಗಾಳಿ. ಅದು ವಿಸ್ಪರ್. ಉಳಿದ ಮೂರರಲ್ಲಿ ಸಾಮಾನ್ಯವಾಗಿ ನಡುಕ ಇರುತ್ತದೆ. ಅಜ್ಜ ಕವಳ (ಎಲೆ-ಅಡಿಕೆ) ಹಾಕಿಕೊಂಡು, ಬಾಯಿ ಸರಿಯಾಗಿ ತೆರೆಯದೆ ಉತ್ತರ ಕೊಟ್ಟರೆ ‘ಮಂಬಲ್’. ‘ಬೆಳಗಿಂದ ಇದು ಎಷ್ಟನೇ ಕವಳವೋ’ ಅಂತ ಅಜ್ಜಿ ತನ್ನಷ್ಟಕ್ಕೇ ಗೊಣಗುತ್ತಾ ಒಳಗೆ ಹೋದರೆ ‘ಮಟರ್’. ಅದೇ ಅಜ್ಜಿ ಮೊಮ್ಮಗುವನ್ನು ತಟ್ಟುತ್ತಾ ಏನೋ ಸಣ್ಣಗೆ ಹೇಳುತ್ತಿದ್ದರೆ ‘ಮರ್ಮರ್’. ಮಟರ್‌ನಲ್ಲಿ ಹೆಚ್ಚಾಗಿ ಸಿಟ್ಟಿರುತ್ತದೆ, ಮರ್ಮರ್‌ನಲ್ಲಿ ಪ್ರೀತಿಯೂ ಇರಬಹುದು. ಮಂಬಲ್‌ನಲ್ಲಿ ಎರಡೂ ಬೇಕಿಲ್ಲ, ಮಾತು ಅಸ್ಪಷ್ಟವಾದರೆ ಸಾಕು.

‘ಸ್ಟ್ಯಾಮರ್’, ‘ಸ್ಟಟರ್’ ಎರಡೂ ತೊದಲುವುದೇ. ಮೊದಲನೆಯದು ಬ್ರಿಟನ್ನಿನಲ್ಲಿ ಜಾಸ್ತಿ, ಎರಡನೆಯದು ಅಮೆರಿಕದಲ್ಲಿ.

ಹಂತ 4: ರಾಗ ಎಳೆದು ದೂರಿದರೆ ‘ವೈನ್’ (whine), ಯೋಚಿಸದೆ ಬಾಯಿಬಿಟ್ಟರೆ ‘ಬ್ಲರ್ಟ್ ಔಟ್’. ದಡದಿಂದ ದೋಣಿಯಲ್ಲಿರುವ ಅಣ್ಣನನ್ನು ಕೂಗಿದರೆ ‘ಶೌಟ್ ಟು’. ಅವನು ತಡವಾಗಿ ಬಂದದ್ದಕ್ಕೆ ಬೈದರೆ ‘ಶೌಟ್ ಅಟ್’.

‘ಸೆಡ್ ಬದಲಿಗೆ ನೂರು ಪದ’ ಅನ್ನುವ ಚಾರ್ಟುಗಳಿಗೆ ಸುಮ್ನೆ ದುಡ್ಡು ಹಾಕಬೇಡಿ. ಹತ್ತರಲ್ಲಿ ಎಂಟು ಕಡೆ ‘ಸೆಡ್’ ಇದ್ದರೇ ಚೆಂದ. ಗೋಡೆಗೆ ಅಂಥ ಚಾರ್ಟು ಅಂಟಿಸಿಕೊಂಡ ಹುಡುಗನೊಬ್ಬ, ಮಂಡಿಯಿಂದ ಬಂದ ಅಪ್ಪ ಅಡಿಕೆ ರೇಟು ಹೇಳಿದ್ದಕ್ಕೂ ‘ಎಕ್ಸ್‌ಕ್ಲೇಮ್ಡ್’ (ಉದ್ಗರಿಸಿದರು) ಅಂತ ಬರೆದಿದ್ದ. ಕೆಂಪು ಗೀಟು ಹಾಕಲು ಹೋದೆ. ಅವತ್ತಿನ ರೇಟು ಏನಿತ್ತೋ ಅಂತ ಬಿಟ್ಟುಬಿಟ್ಟೆ.