ಮುರಕಲ್ಲಿನ ಚೂಪು ಕಮಾನು: ಹಳ್ಳಿ ಇಗರ್ಜಿಯ ಕಿಟಕಿ ಸರಿಮಾಡಿದ ನನ್ನ ಅನುಭವ

ಕಾಸರಗೋಡಿನ ನಮ್ಮ ಕಡೆ ಗಾಥಿಕ್ ಇಗರ್ಜಿ (ಯುರೋಪಿನ ಹಳೆಯ ಚೂಪು ಕಮಾನಿನ ಶೈಲಿಯದು) ಅಂದರೆ ಮೊದಲು ನೆನಪಾಗುವುದು ಬೇಳ. 1890ರಲ್ಲಿ ಕಟ್ಟಿದ ಶೋಕಮಾತೆಯ ಇಗರ್ಜಿ ಅದು. ಆ ದಾರಿಯಲ್ಲಿ ಹೋಗುವವರು ನಿಂತು ಫೋಟೊ ತೆಗೆಯುತ್ತಾರೆ. ನಾನು ಕೆಲಸ ಮಾಡಿದ್ದು ಅಲ್ಲಲ್ಲ, ಗಡಿ ಹತ್ತಿರದ ಒಂದು ಹಳ್ಳಿಯಲ್ಲಿ, ತುಂಬ ಚಿಕ್ಕ ಇಗರ್ಜಿಯಲ್ಲಿ. ಸುತ್ತ ಅಡಿಕೆ ತೋಟ. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ, ಹಂಚಿನ ಮಾಡು, ಎರಡೂ ಬದಿಗೆ ಚೂಪು ಕಮಾನಿನ ಕಿಟಕಿಗಳು. ಫೋಟೊ ತೆಗೆಯಲು ಅಲ್ಲಿಗೆ ಯಾರೂ ಬರುವುದಿಲ್ಲ.

ಮನೆಗಳಿಗೆ ನಕ್ಷೆ ಹಾಕಿ ಕಟ್ಟಿಸಿಕೊಡುವುದು ನನ್ನ ಕೆಲಸ. ತೆಂಕು ಗೋಡೆಯ ಒಂದು ಕಿಟಕಿಯ ಕಮಾನು ಬಿರುಕು ಬಿಟ್ಟು, ತುದಿಯ ಎರಡು ಕಲ್ಲು ಕೆಳಗೆ ಜಾರಿದ್ದವು. ಅದಕ್ಕೆ ನನ್ನನ್ನು ಕರೆದಿದ್ದರು. ಕಮಾನು ಕಿತ್ತು, ಲಿಂಟೆಲ್ ಹಾಕಿ, ಚೌಕ ಕಿಟಕಿ ಕೂರಿಸಿದರೆ ಆಯ್ತು ಅಂತ ಕಮಿಟಿಯ ಕೆಲವರ ಅಭಿಪ್ರಾಯ. ನನಗೆ ಮನಸ್ಸು ಬರಲಿಲ್ಲ. "ಫಾದರ್, ಮೊದಲು ಅಳತೆ ತೆಗೀತೇನೆ. ಆಮೇಲೆ ಮಾತಾಡುವ," ಅಂದೆ.

ಜಾರಿದ ಕಮಾನನ್ನು ಅಳೆದು ಪ್ರಯೋಜನವಿಲ್ಲ. ಪಕ್ಕದಲ್ಲೇ ಗಟ್ಟಿ ಇರುವ ಕಿಟಕಿಯನ್ನು ಹಿಡಿದೆ. ಪೈಪಿನಲ್ಲಿ ನೀರು ತುಂಬಿಸಿ ಮಟ್ಟ ನೋಡಿ, ಕಮಾನು ಶುರುವಾಗುವ ಕಡೆ ಅಡ್ಡಕ್ಕೆ ದಾರ ಕಟ್ಟಿದೆ. ತುದಿಯಿಂದ ತೂಕದ ಗುಂಡು ಇಳಿಬಿಟ್ಟೆ. ಅಗಲ ಸರಿಯಾಗಿ 4 ಅಡಿ. ದಾರದಿಂದ ತುದಿಗೆ ಎತ್ತರ 3 ಅಡಿ.

ಇಲ್ಲಿ ನನಗೆ ತುಂಬ ಖುಷಿಯಾಯಿತು, ಯಾಕೆ ಅಂತ ಹೇಳುತ್ತೇನೆ. 4 ಅಡಿ ಅಗಲಕ್ಕೆ ಅರ್ಧವೃತ್ತದ ಕಮಾನು ಹಾಕಿದರೆ ಎತ್ತರ 2 ಅಡಿ ಬರುತ್ತದೆ. ಪುಸ್ತಕದಲ್ಲಿ ಮೊದಲು ತೋರಿಸುವ ಗಾಥಿಕ್ ಕಮಾನಿನಲ್ಲಿ ತ್ರಿಜ್ಯ ಅಗಲದಷ್ಟೇ ಇರುತ್ತದೆ. ಆಗ ಎತ್ತರ ಸುಮಾರು 41 ಇಂಚೂವರೆ. ಅಂದು ಇದನ್ನು ಕಟ್ಟಿದ ಮೇಸ್ತ್ರಿ ಇವೆರಡನ್ನೂ ಬಿಟ್ಟು ನೇರವಾಗಿ 3 ಅಡಿ ಇಟ್ಟಿದ್ದಾನೆ. ಲೆಕ್ಕ ಹಾಕಿದರೆ ತ್ರಿಜ್ಯ ಕರಾರುವಾಕ್ಕಾಗಿ 39 ಇಂಚು, ಎರಡು ಬದಿಯ ಬಾಗುಗಳ ಕೇಂದ್ರಗಳು ಅಡ್ಡ ದಾರದ ಎರಡೂ ಕೊನೆಯಿಂದ 9 ಇಂಚು ಒಳಗೆ. ಎರಡು ಮೊಳೆ, ಒಂದು ದಾರ ಇದ್ದರೆ ನೆಲದ ಮೇಲೇ ಗೆರೆ ಎಳೆಯಬಹುದು. ಪ್ಲೈವುಡ್ ಹಲಗೆ ಮೇಲೆ ನಾನೂ ಹಾಗೇ ಎಳೆದೆ. ಕತ್ತರಿಸಿ ಹಳೆ ಕಮಾನಿನ ಅಡಿಗೆ ಹಿಡಿದಾಗ ಬೆರಳು ತೂರಿಸುವಷ್ಟೂ ಸಂದು ಇರಲಿಲ್ಲ. ಗಾಥಿಕ್ ಶೈಲಿಯ ಹುಟ್ಟನ್ನು 1144ರಲ್ಲಿ ಪ್ಯಾರಿಸ್ ಪಕ್ಕದ ಸಾಂ ದನಿ ಇಗರ್ಜಿಯಲ್ಲಿ ಗುರುತಿಸುತ್ತಾರೆ. 19ನೇ ಶತಮಾನದಲ್ಲಿ ಅದು ಮತ್ತೆ ಫ್ಯಾಶನ್ ಆಗಿ ಮಿಶನರಿಗಳ ಜೊತೆ ನಮ್ಮ ಊರುಗಳಿಗೂ ಬಂತು. ಆದರೆ ಈ 4 ಮತ್ತು 3 ಇಲ್ಲಿನ ಕೈಯ ಲೆಕ್ಕ ಅಂತ ನನ್ನ ನಂಬಿಕೆ. ಅದನ್ನು ಒಡೆದು ಲಿಂಟೆಲ್ ಹಾಕುವುದು ಹೇಗೆ?

ಹೊರಗೆ ಎರಡು ಕಿಟಕಿಗಳ ನಡುವೆ ಗೋಡೆಗೆ ತಾಗಿ ದಪ್ಪ ಆಸರೆಗಳಿವೆ. "ಇದು ಸುಮ್ನೆ ಚಂದಕ್ಕಲ್ವಾ? ತೆಗೆದರೆ ಇಂಟರ್‌ಲಾಕ್ ಹಾಕ್ಲಿಕ್ಕೆ ಜಾಗ ಆಗ್ತದೆ," ಅಂತ ಇಗರ್ಜಿಯ ವಾರ್ಡಿನ ಮುಖ್ಯಸ್ಥರಾದ ಗುರ್ಕಾರರು ಕೇಳಿದರು. ಯುರೋಪಿನಲ್ಲಿ ಮೇಲೆ ಕಲ್ಲಿನ ಚಾವಣಿ ಇರುತ್ತದೆ, ಅದು ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ, ಅದಕ್ಕೇ ಅಲ್ಲಿ ದೊಡ್ಡ ದೊಡ್ಡ ಆಸರೆ. ನಮ್ಮಲ್ಲಿ ಮರದ ಪಕ್ಕಾಸು, ಮಂಗಳೂರು ಹಂಚು. ತಳ್ಳುವುದು ಕಡಿಮೆ. ಹಾಗಂತ ಆಸರೆ ದಂಡವಲ್ಲ. ಕಮಾನು ತಗ್ಗಿದಷ್ಟೂ ಬದಿಗೆ ಒತ್ತುವುದು ಜಾಸ್ತಿ. ಎತ್ತರದ ಮುರಕಲ್ಲಿನ ಗೋಡೆಗೆ ಗಾಳಿಯ ಹೊಡೆತವೂ ಇದೆ. ಇದನ್ನೆಲ್ಲ ಗೋಡೆಯ ಬದಿಯಲ್ಲಿ ನಿಂತು ತೋರಿಸಿದ ಮೇಲೆ ಅವರು ಆ ಮಾತು ಬಿಟ್ಟರು.

ಕಮಾನು ಜಾರಿದ್ದು ಮಳೆಯಿಂದ. ಮೇಲೆ ಒಂದು ಹಂಚು ಒಡೆದು ನೀರು ಗೋಡೆಯೊಳಗೆ ಇಳಿಯುತ್ತಿತ್ತು. ಮೊದಲಾಗಿದ್ದರೆ ಆ ನೀರು ಸುಣ್ಣದ ಗಾರೆಯ ಮೂಲಕ ಬೇಸಿಗೆಯಲ್ಲಿ ಆರಿ ಹೋಗುತ್ತಿತ್ತು. ಹಿಂದೆ ಯಾವಾಗಲೋ ಹೊರಗೋಡೆಗೆ ಸಿಮೆಂಟ್ ಬಳಿದಿದ್ದರಿಂದ ಒಳಗೇ ಉಳಿಯಿತು. ಸುತ್ತಿಗೆಯಿಂದ ಮೆಲ್ಲ ತಟ್ಟಿದರೆ ಟೊಳ್ಳು ಸದ್ದು. ಒಂದು ಕಡೆ ಎಬ್ಬಿಸಿದಾಗ ಕಲ್ಲು ಒದ್ದೆಯಾಗಿ ಪುಡಿ ಉದುರುತ್ತಿತ್ತು, ಸಂದಿನ ಸುಣ್ಣ ಮರಳಿನ ಹಾಗೆ ಬಂತು. ವರ್ಷಕ್ಕೆ ಮೂರು ಮೀಟರಿಗಿಂತ ಜಾಸ್ತಿ ಮಳೆ ಸುರಿಯುವ ಊರಲ್ಲಿ ಮುರಕಲ್ಲಿಗೆ ಸಿಮೆಂಟ್ ಬಳಿಯುವುದನ್ನು ನಾನು ಎಲ್ಲೂ ಒಪ್ಪುವುದಿಲ್ಲ.

ಮೊದಲು ಹಂಚು ಬದಲಾಯಿಸಿದೆವು. ಸಿಮೆಂಟ್ ಕೆರೆದು ಗೋಡೆಯನ್ನು ಬಿಸಿಲಿಗೆ ಆರಲು ಬಿಟ್ಟೆವು. ಇದಕ್ಕೆ ಅವಸರ ಮಾಡಬಾರದು. ಆಮೇಲೆ ಪ್ಲೈವುಡ್ ಅಚ್ಚಿನ ಮೇಲೆ ಸೆಂಟ್ರಿಂಗ್ ಕೂರಿಸಿ ಕಮಾನಿಗೆ ಆಸರೆ ಕೊಟ್ಟು, ಕಲ್ಲುಗಳಿಗೆ ಸೀಮೆಸುಣ್ಣದಲ್ಲಿ ನಂಬರ್ ಬರೆದು ಒಂದೊಂದೇ ಇಳಿಸಿದೆವು. ಹೆಚ್ಚಿನವು ಗಟ್ಟಿ ಇದ್ದವು. ಹೋದವುಗಳ ಬದಲಿಗೆ ಕೋರೆಯಿಂದ ಹೊಸ ಕಲ್ಲು ತರಿಸಿ ಕೈಯಲ್ಲೇ ಕೆತ್ತಿಸಿದೆವು. ಹಸಿ ಮುರಕಲ್ಲು ಮೆದು. ಗಾಳಿಗೆ ಬಿಟ್ಟರೆ ಗಟ್ಟಿಯಾಗುತ್ತದೆ. ಕೆತ್ತಿದ ಕೂಡಲೇ ಭಾರ ಹೊರಿಸಬಾರದು.

ಇನ್ನೊಂದು ಮುಖ್ಯ ಸಂಗತಿ. ಕಲ್ಲುಗಳ ನಡುವಿನ ಪ್ರತಿ ಸಂದೂ ತನ್ನ ಬದಿಯ ಕೇಂದ್ರದ ಕಡೆ ನೋಡಬೇಕು. ಮೊಳೆಯಿಂದ ದಾರ ಎಳೆದು ಒಂದೊಂದು ಸಂದನ್ನೂ ಪರೀಕ್ಷಿಸಿದೆ. ತುದಿಯಲ್ಲಿ ಬೀಗದ ಕಲ್ಲು ಇಲ್ಲ, ಎರಡು ಕಲ್ಲು ಒಂದಕ್ಕೊಂದು ಒರಗಿ ನಿಲ್ಲುತ್ತವೆ, ನಡುವೆ ನೆಟ್ಟಗೆ ಒಂದು ಸಂದು. ಹಳೆಯದರಲ್ಲಿ ಹಾಗೇ ಇತ್ತು, ನಾವೂ ಹಾಗೇ ಇಟ್ಟೆವು. ನಮ್ಮ ಮೇಸ್ತ್ರಿಗೆ ಮೊದಲು ಧೈರ್ಯ ಇರಲಿಲ್ಲ. "ನಡುವೆ ಒಂದು ಕಲ್ಲು ಬೇಡ್ವಾ ಸಾರ್?" ಅಂತ ಎರಡೆರಡು ಸಲ ಕೇಳಿದರು. ಸೆಂಟ್ರಿಂಗ್ ಬಿಚ್ಚುವ ದಿನ ಅಡಿಯ ಬೆಣೆಗಳನ್ನು ಅವರೇ ಮೆಲ್ಲಮೆಲ್ಲ ಸಡಿಲ ಮಾಡಿದರು. ಒಂದು ಕಲ್ಲೂ ಅಲುಗಲಿಲ್ಲ.

ಗಾರೆಗೆ ಚಿಪ್ಪಿ ಸುಣ್ಣವನ್ನೇ ತರಿಸಿ, ನೀರಲ್ಲಿ ಅರಳಿಸಿ, ವಾರಗಟ್ಟಲೆ ನೀರಿನಡಿಯಲ್ಲೇ ಇಟ್ಟಿದ್ದೆವು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು. ತೆಳುವಾಗಿ, ಒಂದರ ಮೇಲೆ ಒಂದು ಪದರ. ಬಿಸಿಲು ಬೀಳದ ಹಾಗೆ ಒದ್ದೆ ಗೋಣಿ ತೂಗುಹಾಕಿ ನಿಧಾನಕ್ಕೆ ಆರಿಸಬೇಕು. ಇಲ್ಲದಿದ್ದರೆ ಸೀಳುತ್ತದೆ. ಪತ್ತನಾಜೆಗೆ (ಮಳೆಗಾಲಕ್ಕೆ ಮುಂಚೆ, ಮೇ ಕೊನೆಗೆ ಬರುವ ತುಳುನಾಡಿನ ದಿನ) ಮೊದಲೇ ಮುಗಿಸಿದೆವು.

ಈಗ ಆ ಗೋಡೆಗೆ ಸುಣ್ಣ ಮಾತ್ರ ಬಳಿಯುತ್ತಾರೆ, ಪ್ಲಾಸ್ಟಿಕ್ ಪೈಂಟ್ ಇಲ್ಲ. ಎಲ್ಲ ಕಿಟಕಿಗಳ ಅಳತೆಯನ್ನೂ ಒಂದೇ ಹಾಳೆಯಲ್ಲಿ ಬರೆದು ಫಾದರ್ ಕೈಗೆ ಕೊಟ್ಟಿದ್ದೇನೆ. ಪ್ಲೈವುಡ್ ಅಚ್ಚು ಇಗರ್ಜಿಯ ಉಗ್ರಾಣದಲ್ಲಿದೆ. ಬಡಗು ಬದಿಯ ಗೋಡೆಯಿಂದಲೂ ಸಿಮೆಂಟ್ ತೆಗೆಯಬೇಕು. ಅದಕ್ಕೆ ಕಮಿಟಿ ಒಪ್ಪಿದೆ.