ಕಣ್ಣು ಮಂಜಾಯಿತೆಂದು ಕ್ರಾಸ್ ಸ್ಟಿಚ್ ಬಿಡಬೇಡಿ

ಕನ್ನಡಕದ ನಂಬರು ಏರಿತೆಂದು ಬಟ್ಟೆಯ ಒಂದೊಂದು ಚೌಕದ ಮೇಲೂ ಎರಡು ಓರೆ ಎಳೆಗಳನ್ನು X ಆಕಾರದಲ್ಲಿ ದಾಟಿಸುವ ಕ್ರಾಸ್ ಸ್ಟಿಚ್ ಹೊಲಿಗೆಯನ್ನು ಬಿಟ್ಟುಬಿಟ್ಟವರನ್ನು ನಮ್ಮ ಶಿರಸಿಯಲ್ಲಿ ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತದೆ. ವಯಸ್ಸಾದಂತೆ ಹೊಲಿಯುವ ಬಟ್ಟೆ ಬದಲಿಸಿದರೆ ಸಾಕು, ಕೈಕೆಲಸ ಕೊನೆಯವರೆಗೂ ಜೊತೆಗಿರುತ್ತದೆ. ಹೆಚ್ಚಿನವರು ಹೊಲಿಯುವ 14 ಕೌಂಟ್ ಬಟ್ಟೆಯಲ್ಲಿ ಇಂಚಿಗೆ 14 ಚೌಕ. 11 ಕೌಂಟಿನಲ್ಲಿ 11 ಮಾತ್ರ, ತೂತುಗಳು ಸ್ಪಷ್ಟವಾಗಿ ಕಾಣುತ್ತವೆ. 70 ಚೌಕ ಅಗಲದ ಚಿತ್ರ ಮೊದಲನೆಯದರಲ್ಲಿ 5 ಇಂಚು ಬಂದರೆ ಎರಡನೆಯದರಲ್ಲಿ ಆರೂಕಾಲು ದಾಟುತ್ತದೆ. ಸುತ್ತಲೂ 3 ಇಂಚು ಬಿಟ್ಟೇ ಕತ್ತರಿಸಿ, ಇಲ್ಲವಾದರೆ ಚೌಕಟ್ಟು ಹಾಕಿಸುವಾಗ ಪೇಚಾಡುತ್ತೀರಿ.

ಲಡಿಯ ದಾರದಲ್ಲಿ ಆರು ಎಳೆಗಳಿರುತ್ತವೆ. 14ಕ್ಕೆ ಎರಡು, 11ಕ್ಕೆ ಮೂರು ಎಳೆ ಸರಿ. ಮೊಳದುದ್ದ ಕತ್ತರಿಸಿಕೊಂಡು, ಒಂದೊಂದೇ ಎಳೆಯನ್ನು ನಿಧಾನವಾಗಿ ಎಳೆದು, ಆಮೇಲೆ ಜೋಡಿಸಿಕೊಳ್ಳಿ. ಒಟ್ಟಿಗೆ ಎಳೆದರೆ ಸಿಕ್ಕು ಖಂಡಿತ. ಸೂಜಿಯ ಮೊನೆ ಮೊಂಡಾಗಿರಲಿ, 24ನೇ ನಂಬರಿನದು 14 ಕೌಂಟಿಗೆ ಹೊಂದುತ್ತದೆ. ಹೊಲಿಯುತ್ತ ದಾರ ತಿರುಚಿಕೊಳ್ಳುತ್ತದೆ. ಆಗ ಸೂಜಿಯನ್ನು ಕೈಬಿಟ್ಟು ನೇತಾಡಿಸಿ, ಅದು ಗಿರ್ರನೆ ತಿರುಗಿ ದಾರದ ತಿರುಚು ತಾನೇ ಬಿಚ್ಚಿಕೊಳ್ಳುತ್ತದೆ. ಗಂಟು ಹಾಕುವುದು ನನಗೆ ಸೇರದು, ಮುಂಭಾಗದಲ್ಲಿ ಉಬ್ಬು ಕಾಣುತ್ತದೆ. ದಾರದ ಬಾಲವನ್ನು ಹಿಂಬದಿಯ ನಾಲ್ಕೈದು ಹೊಲಿಗೆಗಳ ಅಡಿ ತೂರಿಸಿದರೆ ಗಟ್ಟಿಯಾಗಿ ಕೂರುತ್ತದೆ.

ಒಂದು ವಿಷಯದಲ್ಲಿ ಮಾತ್ರ ರಾಜಿಯಿಲ್ಲ: ಮೇಲಿನ ಓರೆ ಎಳೆ ಇಡೀ ಚಿತ್ರದಲ್ಲಿ ಒಂದೇ ದಿಕ್ಕಿಗೆ ಬೀಳಬೇಕು. ಅಲ್ಲೊಂದು ಇಲ್ಲೊಂದು ತಿರುಗಿ ಬಿದ್ದರೆ ಬೆಳಕು ಬಿದ್ದಾಗ ಆ ಜಾಗ ಬೇರೆಯದೇ ಬಣ್ಣದಂತೆ ತೋರುತ್ತದೆ.

ಚಿತ್ರಕ್ಕಾಗಿ ಪುಸ್ತಕ ಹುಡುಕಬೇಕೆಂದೇನಿಲ್ಲ. ಧಾರವಾಡದ ಕಸೂತಿಯಲ್ಲೂ ಮೆಂತ್ಯ ಹೊಲಿಗೆ ಇದೇ ಅಡ್ಡ ಹೊಲಿಗೆ. ಗೋಪುರ, ತೇರು, ನವಿಲು ಅಲ್ಲಿ ಧಾರಾಳ. ಯಕ್ಷಗಾನದ ಕಿರೀಟವನ್ನೋ ಅಂಗಳದ ರಂಗೋಲಿಯನ್ನೋ ಗ್ರಾಫ್ ಹಾಳೆಯ ಮೇಲೆ ಇಳಿಸಿ ನೋಡಿ. ಹಾಳೆಯ ನಡುಮಧ್ಯವನ್ನೂ ಬಟ್ಟೆಯ ನಡುಮಧ್ಯವನ್ನೂ ಗುರುತಿಸಿ ಅಲ್ಲಿಂದಲೇ ಶುರುಮಾಡಿ.

ನಮ್ಮ ಕಡೆಯ ಮಳೆಗಾಲ ಇದಕ್ಕೆ ಹೇಳಿ ಮಾಡಿಸಿದ ಕಾಲ, ಆದರೆ ಬಟ್ಟೆಗೆ ಅದೇ ಶತ್ರು. ಕಾರವಾರ, ಕುಮಟಾದ ಕಡೆ ಉಪ್ಪುಗಾಳಿಗೆ ಸೂಜಿ ಬೇಗ ತುಕ್ಕು ಹಿಡಿಯುತ್ತದೆ. ಕೆಲಸ ನಿಲ್ಲಿಸಿದ ಕೂಡಲೇ ಅದನ್ನು ಬಟ್ಟೆಯಿಂದ ತೆಗೆಯಿರಿ. ಕಂದು ಚುಕ್ಕೆ ಬಿದ್ದರೆ ಹೋಗುವುದು ಕಷ್ಟ. ರಾತ್ರಿ ಬಟ್ಟೆಯನ್ನು ಬಿಗಿಯಾಗಿ ಹಿಡಿಯುವ ರಿಂಗನ್ನೂ ಕಳಚಿಡಿ, ವರ್ತುಲದ ಕಲೆ ನಿಲ್ಲುವುದಿಲ್ಲ. ತೇವವಿದ್ದ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೂಷ್ಟು ಬರುತ್ತದೆ. ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿ, ಬಿಸಿಲು ಬಿದ್ದ ದಿನ ನೆರಳಿನಲ್ಲಿ ಗಾಳಿಗೆ ಹರವಿ.

ಕೆಂಪು ದಾರ ಬಳಸುವ ಮುನ್ನ ಒದ್ದೆ ಬಿಳಿ ಬಟ್ಟೆಗೆ ಒತ್ತಿ ನೋಡಿ, ಬಣ್ಣ ಬಿಟ್ಟರೆ ಆ ದಾರವನ್ನು ಬದಿಗಿಡಿ. ಮುಗಿದ ಮೇಲೆ ತಣ್ಣೀರಿನಲ್ಲಿ ಸೌಮ್ಯ ಸೋಪಿನಿಂದ ತೊಳೆಯಿರಿ, ಹಿಂಡಬೇಡಿ. ದಪ್ಪ ಟವೆಲಿನ ಮೇಲೆ ಮಗುಚಿ ಹಾಕಿ ಹಿಂಬದಿಯಿಂದ ಇಸ್ತ್ರಿ ಮಾಡಿದರೆ ಹೊಲಿಗೆಗಳು ಚಪ್ಪಟೆಯಾಗದೆ ಎದ್ದು ಕಾಣುತ್ತವೆ.