ಕನ್ನಡ ಎಪಬ್ ಕಡತ: ರೀಡರ್‌ಗೆ ಹಾಕುವ ಮುನ್ನ ಏನೇನು ನೋಡಬೇಕು

ತುಮಕೂರು, ತಿಪಟೂರಿನ ಡಿಟಿಪಿ ಅಂಗಡಿಗಳಲ್ಲಿ ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಟೈಪಾದ ಹಳೆಯ ಕಡತವನ್ನು ಯೂನಿಕೋಡ್‌ಗೆ ಬದಲಿಸಿ ಎಪಬ್ (ಇ-ಪುಸ್ತಕದ ಕಡತ ರೂಪ) ಮಾಡಿದ್ದರೆ, ಮೊದಲು ಅಕ್ಷರ ನೋಡಿ, ಕೋಡ್ ಆಮೇಲೆ. ‘ದೇವರಾಯನದುರ್ಗ’ ಹೋಗಿ ‘ದೇವರಾಯನದುಗರ್’ ಆಗಿದ್ದರೂ ಕಡತದ ರಚನೆಯನ್ನಷ್ಟೇ ಪರೀಕ್ಷಿಸುವ ಎಪಬ್‌ಚೆಕ್ ತಂತ್ರಾಂಶ ಎಲ್ಲ ಸರಿ ಎಂದೇ ಹೇಳುತ್ತದೆ.

ಹಳೆಯ ಫಾಂಟ್‌ಗಳಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಕೂರುತ್ತದೆ. ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ಪರಿವರ್ತಕ ಅದನ್ನು ಹಿಂದಕ್ಕೆ ಸರಿಸದಿದ್ದರೆ ‘ಕಾಯರ್ಕ್ರಮ’, ‘ಸೂಯರ್’ ಹುಟ್ಟುತ್ತವೆ. ಇ-ಪುಸ್ತಕ ತಂತ್ರಾಂಶ ಕ್ಯಾಲಿಬರ್‌ನ ಎಡಿಟರ್‌ನಲ್ಲಿ ಕಡತ ತೆರೆದು ‘ಯರ್’, ‘ಗರ್’, ‘ಮರ್’, ‘ತರ್’ ಎಂದು ಹುಡುಕಿ. ಒಂದೇ ಏಟಿಗೆ ಬದಲಿಸಬೇಡಿ, ‘ಶುಗರ್’ ಕೂಡ ಸಿಕ್ಕಿಬೀಳುತ್ತದೆ.

ಇನ್ನೊಂದು ಕಳ್ಳ ತಪ್ಪು ಸೊನ್ನೆಯದು. ‘ಸಂಪಿಗೆ’ಯ ಅನುಸ್ವಾರದ ಜಾಗದಲ್ಲಿ ಅಂಕಿ ೦ ಇದ್ದರೆ ಕಣ್ಣಿಗೆ ವ್ಯತ್ಯಾಸ ಕಾಣದು, ಆದರೆ ರೀಡರ್‌ನಲ್ಲಿ ಆ ಪದ ಹುಡುಕಿದರೆ ಸಿಗುವುದಿಲ್ಲ. ರೆಜೆಕ್ಸ್ (ಮಾದರಿ ಕೊಟ್ಟು ಹುಡುಕುವ) ವಿಧಾನ ಆರಿಸಿ (?<![೦-೯])೦ ಎಂದು ಹುಡುಕಿದರೆ ೧೦, ೨೦೦ರಂಥ ನಿಜವಾದ ಸಂಖ್ಯೆಗಳು ಉಳಿದುಕೊಳ್ಳುತ್ತವೆ. ೦.೫ರಂಥ ದಶಮಾಂಶಗಳಿದ್ದರೆ ಮಾತ್ರ ಒಂದೊಂದಾಗಿ ನೋಡಿ ಬದಲಿಸಿ. ‘ಕಾಣದ ಅಕ್ಷರ ತೆಗೆ’ ಎನ್ನುವ ಸ್ವಚ್ಛಗೊಳಿಸುವ ಸಾಧನಗಳನ್ನು ದಯವಿಟ್ಟು ಮುಟ್ಟಬೇಡಿ. ‘ಪಾರ್ಕ್‌ನಲ್ಲಿ’ ಎಂಬುದು ‘ಪಾರ್ಕ್ನಲ್ಲಿ’ ಆಗುವುದು, ಒತ್ತು ಅಂಟದಂತೆ ತಡೆಯುವ ಕಾಣದ ಅಕ್ಷರವನ್ನು ಅವು ತೆಗೆದುಬಿಡುವುದರಿಂದಲೇ.

ಸ್ಟೈಲ್‌ಶೀಟ್‌ನಲ್ಲಿ (ಪುಟದ ರೂಪ ತೀರ್ಮಾನಿಸುವ ಕಡತ) ಲೆಟರ್-ಸ್ಪೇಸಿಂಗ್, ಅಂದರೆ ಅಕ್ಷರಗಳ ನಡುವೆ ಹೆಚ್ಚುವರಿ ಅಂತರ, ಇದ್ದರೆ ತೆಗೆಯಿರಿ. ಲೈನ್-ಹೈಟ್ (ಸಾಲಿನ ಎತ್ತರ) 1.5ರಿಂದ 1.6 ಇಡಿ, 1.2 ಇದ್ದರೆ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗಬಹುದು. ಎರಡೂ ಅಂಚು ಸಮ ಮಾಡಿಸಿದರೆ ‘ಚಿಕ್ಕನಾಯಕನಹಳ್ಳಿಯವರಿಗೆ’ಯಂಥ ಉದ್ದ ಪದ ಕೆಳಗೆ ಇಳಿದು ಮೇಲಿನ ಸಾಲಿನಲ್ಲಿ ಪದಗಳ ನಡುವೆ ದೊಡ್ಡ ದೊಡ್ಡ ಖಾಲಿ ಬೀಳುತ್ತದೆ. ಎಡಕ್ಕೆ ಜೋಡಿಸುವುದೇ ಒಳ್ಳೆಯದು. ಅಧ್ಯಾಯದ ಮೊದಲಕ್ಷರ ದೊಡ್ಡದು ಮಾಡುವ ಅಲಂಕಾರ ಬೇಡವೇ ಬೇಡ, ‘ಶ್ರೀ’ ಒಡೆದುಹೋದೀತು.

ಇದಾದ ಮೇಲೆ ಎಫ್7 ಒತ್ತಿ ಕ್ಯಾಲಿಬರ್‌ನ ತಪಾಸಣೆ ಮಾಡಿಸಿ, ನಂತರ ಎಪಬ್‌ಚೆಕ್. ಚಿತ್ರ ಸಿಗುತ್ತಿಲ್ಲ ಎಂದರೆ ಹೆಸರಿನ ದೊಡ್ಡ-ಸಣ್ಣ ಇಂಗ್ಲಿಷ್ ಅಕ್ಷರ ಹೋಲಿಸಿ. ವಿಂಡೋಸ್ ಆ ವ್ಯತ್ಯಾಸವನ್ನು ಲೆಕ್ಕಿಸುವುದಿಲ್ಲ, ಎಪಬ್ ಲೆಕ್ಕಿಸುತ್ತದೆ. ಕಡತವನ್ನು ಕೈಯಾರೆ ಜಿಪ್ ಮಾಡಿದ್ದರೆ ‘ಮೈಮ್‌ಟೈಪ್’ ಕಡತ ಎಲ್ಲಕ್ಕಿಂತ ಮೊದಲು, ಕುಗ್ಗಿಸದೆ ಸೇರಿರಬೇಕು. ಮೆಟಾಡೇಟಾದಲ್ಲಿ (ಪುಸ್ತಕದ ವಿವರ) ಭಾಷೆ ಕನ್ನಡ ಎಂದಿದೆಯೇ ನೋಡಿ, ಎಷ್ಟೋ ಕಡತಗಳಲ್ಲಿ ಇಂಗ್ಲಿಷ್ ಎಂದೇ ಉಳಿದಿರುತ್ತದೆ.

ನೋಟೋ ಸೆರಿಫ್ ಕನ್ನಡ ಫಾಂಟನ್ನು ಒಳಗೆ ಸೇರಿಸಬಹುದು, ಆದರೆ ಅಷ್ಟಕ್ಕೇ ನಿಶ್ಚಿಂತರಾಗಬೇಡಿ. ಒತ್ತು, ಗುಣಿತಗಳನ್ನು ಜೋಡಿಸುವುದು ಸಾಧನದ ಒಳಗಿನ ತಂತ್ರಾಂಶ. ಅದಕ್ಕೇ ಗುಬ್ಬಿ, ಸಂಪಿಗೆ, ದೇವರಾಯನದುರ್ಗ, ಶ್ರೀ, ಸಂಸ್ಕೃತಿ, ಪಾರ್ಕ್‌ನಲ್ಲಿ ಎಂಬ ಪದಗಳಿರುವ ಒಂದು ಪುಟದ ಪರೀಕ್ಷಾ ಎಪಬ್ ಮಾಡಿ ಮೊದಲು ಅದನ್ನೇ ಹಾಕಿ. ಕೋಬೊ ರೀಡರ್‌ಗೆ ಯುಎಸ್‌ಬಿ ಕೇಬಲ್‌ನಲ್ಲಿ ನೇರವಾಗಿ ನಕಲಿಸಬಹುದು. ಕಿಂಡಲ್‌ಗೆ ಹಾಗೆ ನಕಲಿಸಿದ ಎಪಬ್ ತೆರೆಯುವುದಿಲ್ಲ: ಅಮೆಜಾನ್‌ನ ಸೆಂಡ್ ಟು ಕಿಂಡಲ್ ಸೇವೆಯ ಮೂಲಕ ಕಳಿಸಿ, ಇಲ್ಲವೇ ಕ್ಯಾಲಿಬರ್‌ನಲ್ಲಿ ಕಿಂಡಲ್ ಓದುವ ಎಝಡ್‌ಡಬ್ಲ್ಯೂ3 ರೂಪಕ್ಕೆ ಬದಲಿಸಿ. ಅಕ್ಷರದ ಗಾತ್ರ ಅತಿ ಸಣ್ಣದು, ಅತಿ ದೊಡ್ಡದು ಎರಡರಲ್ಲೂ ಪುಟ ತಿರುಗಿಸಿ ನೋಡಿ.